ಏಪ್ರಿಲ್‌ನಲ್ಲಿ ಕಂಡ ಪುಟ್ಟ ಗಲ್‌ಗಳು ಎಲ್ಲಿ ಹೋದವು?

ಇಂಗ್ಲೆಂಡಿನ ಲಿವರ್‌ಪೂಲ್ ಹತ್ತಿರದ ಸೀಫೋರ್ತ್‌ನಲ್ಲಿ ಏಪ್ರಿಲ್‌ನಲ್ಲಿ ಕಂಡ ಪುಟ್ಟ ಗಲ್‌ಗಳು (ಒಂದು ಬಗೆಯ ಕಡಲಹಕ್ಕಿ) ಮೇ ಹೊತ್ತಿಗೆ ಮಾಯವಾದವು, ಎಲ್ಲಿ ಹೋದವು ಅಂತ ಕೇಳಿದ್ದಿರಿ. ಅವು ಅಲ್ಲಿನ ಕಾಯಂ ಹಕ್ಕಿಗಳಲ್ಲ, ದಾರಿಹೋಕರು. ನೀವು ಹೇಳಿದ್ದು ಲಿಟಲ್ ಗಲ್ ಎಂಬ ಜಾತಿಗೆ ಹೊಂದುತ್ತದೆ. ಚಳಿಗಾಲ ಕಡಲಲ್ಲಿ ಕಳೆದು, ಮರಿ ಮಾಡಲು ಪೂರ್ವಕ್ಕೆ, ಫಿನ್‌ಲ್ಯಾಂಡ್, ರಷ್ಯಾ ಕಡೆಯ ಜೌಗು ಕೆರೆಗಳಿಗೆ ಹೋಗುತ್ತವೆ.

ಫೋಟೊ ಹಾಕಿಲ್ಲ, ಹಾಗಾಗಿ ನಿಮ್ಮದು ಅದೇ ಅಂತ ಖಚಿತವಾಗಿ ಹೇಳಲಾರೆ. ಮುಂದಿನ ಸಲ ಮೊದಲು ರೆಕ್ಕೆಯ ಅಡಿಭಾಗ ನೋಡಿ. ಬೆಳೆದ ಹಕ್ಕಿಗೆ ಅಲ್ಲಿ ಮಸಿ ಬಳಿದ ಹಾಗೆ ಕಪ್ಪು, ಅಂಚಿಗೆ ಬಿಳಿ ಗೆರೆ. ಎಳೆಯದಕ್ಕೆ ಅಡಿ ಬಿಳಿ, ಮೇಲೆ ಕಪ್ಪು 'ಡಬ್ಲ್ಯು' ಗುರುತು. ಕಿಟಿವೇಕ್ ಎಂಬ ಇನ್ನೊಂದು ಜಾತಿಯ ಗಲ್‌ನ ಎಳೆಯ ಹಕ್ಕಿಗೂ ಇಂಥದ್ದೇ ಗುರುತು ಇರುತ್ತೆ, ನಾನೇ ಒಮ್ಮೆ ಏಮಾರಿದ್ದೇನೆ! ಆದರೆ ಅದು ಗಾತ್ರದಲ್ಲಿ ದೊಡ್ಡದು. ಆಮೇಲೆ ತಿನ್ನುವ ರೀತಿ ನೋಡಿ: ಲಿಟಲ್ ಗಲ್ ನೀರಿನ ಮೇಲೆ ತೂಗಾಡುತ್ತ, ಕೊಕ್ಕನ್ನಷ್ಟೇ ಅದ್ದಿ ಹುಳ ಎತ್ತುತ್ತದೆ.

ಮುಂದಿನ ಏಪ್ರಿಲ್‌ವರೆಗೆ ಸುಮ್ನೆ ಕಾಯಬೇಕಿಲ್ಲ. ಆಗಸ್ಟ್ ಕೊನೆಗೆ ಯಾರ್ಕ್‌ಶೈರ್‌ನ ಹಾರ್ನ್‌ಸೀ ಮಿಯರ್ ಕೆರೆಗೆ ಸಂಜೆ ಹೊತ್ತು ಹೋಗಿ, ಕಡಲಿಂದ ಅಲ್ಲಿಗೆ ಬರುತ್ತವೆ. ಕೆಲವು ವರ್ಷ ಸಾವಿರಾರು, ಕೆಲವು ವರ್ಷ ಕಡಿಮೆ.