ನೇಪಾಳದಲ್ಲಿ ಕ್ರೈಸ್ತ ವಿಶ್ವಾಸಿಗಳ ಮನೆ ಭೇಟಿ: ಕಿಟಕಿ ಮುಚ್ಚಿದ್ದು ಯಾಕೆ?

ನೇಪಾಳಕ್ಕೆ ಹೋಗಿದ್ದಾಗ ಒಂದು ವಿಶ್ವಾಸಿ ಮನೆಯಲ್ಲಿ ನೀವು ಹಾಡು ಶುರುಮಾಡಿದೊಡನೆ ಮನೆಯವರು ಕಿಟಕಿ ಮುಚ್ಚಿದ್ದು ಯಾಕೆ ಅಂತ ಕೇಳಿದ್ದೀರಿ. ಅದು ನಿಮ್ಮ ಮೇಲಿನ ಬೇಸರದಿಂದ ಇರಲಾರದು, ಬಹುಶಃ ಅಕ್ಕಪಕ್ಕದವರು ದೂರು ಕೊಟ್ಟಾರು ಎಂಬ ಭಯದಿಂದ. ನೇಪಾಳದ 2015ರ ಸಂವಿಧಾನದ 26ನೇ ವಿಧಿಯೇ ಮತಾಂತರ ಮಾಡಿಸುವುದನ್ನು ನಿಷೇಧಿಸುತ್ತದೆ. 2018ರಿಂದ ಜಾರಿಯಲ್ಲಿರುವ ದಂಡಸಂಹಿತೆಯಲ್ಲಿ ಅದಕ್ಕೆ 5 ವರ್ಷದವರೆಗೆ ಜೈಲು. ವಿದೇಶಿಯಾದರೆ ಶಿಕ್ಷೆ ಮುಗಿದ ಮೇಲೆ ಗಡೀಪಾರು. ಭಾರತೀಯರಾದ ನಮಗೆ ವೀಸಾ ಬೇಡ ನಿಜ, ಆದರೂ ಅಲ್ಲಿ ನಾವು ವಿದೇಶಿಯರೇ.

ಮುಂದಿನ ಸಲ ಮೊದಲು ಅಲ್ಲಿನ ಪಾಸ್ಟರ್ ಹತ್ತಿರ ಕೂತು ಯಾವ ಮನೆಗೆ ಹೋಗಬಹುದು, ಯಾವುದು ಬೇಡ ಅಂತ ಕೇಳಿ. ಊರಿಂದೂರಿಗೆ ಪರಿಸ್ಥಿತಿ ಬೇರೆ, ಅವರ ಮಾತೇ ಕೊನೆ. ಹತ್ತು ಜನ ಗುಂಪಾಗಿ ನುಗ್ಗಬೇಡಿ. ಇಬ್ಬರು, ಜೊತೆಗೆ ಸ್ಥಳೀಯ ಸಭೆಯ (ಚರ್ಚಿನ) ಒಬ್ಬ ಅಕ್ಕ ಇದ್ದರೆ ಸಾಕು. ಅಲ್ಲಿ ಶನಿವಾರ ಚರ್ಚಿನ ಆರಾಧನೆಯ ದಿನ, ಅಂದು ಮನೆ ಭೇಟಿ ಇಟ್ಟುಕೊಳ್ಳಬೇಡಿ. ಬೆಳಿಗ್ಗೆ ಹತ್ತರ ಸುಮಾರಿಗೆ ದಾಲ್ ಭಾತ್ ಊಟದ ಹೊತ್ತು. ಆಗ ಹೋದರೆ ತಮಗಿಲ್ಲದಿದ್ದರೂ ನಿಮಗೆ ಬಡಿಸುತ್ತಾರೆ. ಮಧ್ಯಾಹ್ನ ಎರಡರ ಮೇಲೆ ಹೋಗಿ.

ಚಪ್ಪಲಿ ಹೊರಗೆ, ಎರಡೂ ಕೈ ಜೋಡಿಸಿ 'ಜಯಮಸೀಹ' ಅನ್ನಿ, ಅಲ್ಲಿನ ಕ್ರೈಸ್ತರ ವಂದನೆ ಅದು. ಚಹಾ ಕೊಟ್ಟರೆ ಬೇಡ ಅನ್ನಬೇಡಿ. ಹಾಡು ಬಿಡಿ, ಮೆಲುದನಿಯ ಪ್ರಾರ್ಥನೆ ಸಾಕು, ಅದೂ ಅವರು ಕೇಳಿದರೆ. ಹಣ, ಬಟ್ಟೆ ಕೈಗೆ ಕೊಡಲೇಬೇಡಿ, ಆಮಿಷ ಅನ್ನುವ ದೂರಿಗೆ ಅಷ್ಟು ಸಾಕು. ಕೊಡುವುದನ್ನು ಸಭೆಯ ಲೆಕ್ಕಕ್ಕೆ ಕೊಡಿ.

ಈಗಾಗಲೇ ಫೇಸ್‌ಬುಕ್‌ಗೆ ಹಾಕಿದ ಆ ಮನೆಯವರ ಫೋಟೊಗಳನ್ನು ಇವತ್ತೇ ತೆಗೆಯಿರಿ. ನಾವು ಊರಿಗೆ ಬಂದುಬಿಡುತ್ತೇವೆ, ಅವರು ಅದೇ ಗಲ್ಲಿಯಲ್ಲಿ ಇರಬೇಕು.