ಬೆರಕೆ ಸೊಪ್ಪು ಕೀಳೋಕೆ ಮೊಬೈಲ್ ಸಾಕಾ?

ಪ್ರಶ್ನೆ: ನಮಸ್ತೆ ಮೇಡಂ, ನಮ್ದು ಮಂಡ್ಯ ಕಡೆ ಹಳ್ಳಿ, ಈಗಿರೋದು ಬೆಂಗ್ಳೂರಲ್ಲಿ. ಮಳೆ ಬಿದ್ದು ಹದಿನೈದು ದಿನಕ್ಕೆಲ್ಲ ನಮ್ಮಜ್ಜಿ ಹೊಲದಿಂದ ಮಡ್ಲು ತುಂಬ ಬೆರಕೆ ಸೊಪ್ಪು ತರೋರು, ಬಸ್ಸಾರು ಮಾಡಿದ ದಿನ ಎಲ್ರೂ ಇನ್ನೊಂದು ಮುದ್ದೆ ಕೇಳ್ತಿದ್ವಿ. ಅಜ್ಜಿ ಹೋಗಿ 4 ವರ್ಷ ಆಯ್ತು, ನಂಗೆ ಒಂದು ಸೊಪ್ಪೂ ಸರಿಯಾಗಿ ಗೊತ್ತಿಲ್ಲ. ಫೋಟೋ ಹೊಡೆದ್ರೆ ಗಿಡದ ಹೆಸ್ರು ಹೇಳೋ ಆಪ್ ಇದ್ಯಲ್ಲ, ಅದನ್ನ ಇಟ್ಕೊಂಡು ಲೇಔಟ್ ಪಕ್ಕದ ಕೆರೆ ಹತ್ರ 8 ವರ್ಷದ ಮಗಳ ಜೊತೆ ಸೊಪ್ಪು ಕೀಳಬಹುದಾ?

ಉತ್ತರ: ನಿಮ್ಮ ಪತ್ರ ಓದಿ ನಂಗೆ ನಮ್ಮ ದೊಡ್ಡಮ್ಮ ನೆನಪಾದ್ರು, ನಾನು ಸೊಪ್ಪು ಕಲ್ತಿದ್ದು ಅವ್ರ ಹಿಂದೆ ಓಡಾಡಿ. ಮಗಳಿಗೆ ಇದನ್ನ ಕಲಿಸ್ಬೇಕು ಅನ್ಸಿದ್ಯಲ್ಲ, ದಯವಿಟ್ಟು ಬಿಡಬೇಡಿ. ಆದ್ರೆ ಆಪ್ ನಂಬ್ಕೊಂಡು ಸಾರು ಮಾಡ್ಬೇಡಿ, ಕೆರೆ ಹತ್ರ ಅಂತೂ ಬೇಡ್ವೇ ಬೇಡ.

ಮೊದ್ಲು ಕೆರೆ ವಿಷ್ಯ. ಬೆಂಗ್ಳೂರಿನ ಎಷ್ಟೋ ಕೆರೆಗೆ ಮೋರಿ ನೀರು, ಫ್ಯಾಕ್ಟರಿ ನೀರು ಬರುತ್ತೆ, ಅದ್ರಲ್ಲಿರೋ ಸೀಸ ಕ್ಯಾಡ್ಮಿಯಂನಂಥ ಲೋಹಗಳನ್ನ ಸೊಪ್ಪು ಬೇರಿಂದ ಹೀರ್ಕೊಂಡು ಎಲೇಲಿ ಇಟ್ಕೊಳ್ಳುತ್ತೆ, ಅದು ತೊಳೆದ್ರೂ ಹೋಗಲ್ಲ ಬೇಯ್ಸಿದ್ರೂ ಹೋಗಲ್ಲ. ಅಲ್ಲಿ ಹೊನಗೊನೆ ಸೊಪ್ಪಿನ ಥರಾನೇ ಕಾಣೋ ಇನ್ನೊಂದು ಕಳೆ ಬೇರೆ ದಟ್ಟವಾಗಿ ಹಬ್ಬಿರುತ್ತೆ. ನಮ್ಮ ಹೊನಗೊನೇಲಿ ಬಿಳಿ ಹೂ ಎಲೆ ಸಂದಿಗೇ ಅಂಟ್ಕೊಂಡಿರುತ್ತೆ, ಆ ಕಳೇಲಿ ಉದ್ದ ತೊಟ್ಟಿನ ತುದೀಲಿ ಇರುತ್ತೆ, ದಂಟು ಮುರಿದ್ರೆ ಒಳಗೆ ಟೊಳ್ಳು. ರಸ್ತೆ ಬದಿ, ಸ್ಮಶಾನದ ಪಕ್ಕ, ನಾಯಿ ಓಡಾಡೋ ಪಾರ್ಕ್ ಕೂಡ ಬೇಡ.

ಹೊಲದಲ್ಲೂ ಈಗ ಕಣ್ಮುಚ್ಚಿ ಕೀಳೋಹಾಗಿಲ್ಲ. ಅಜ್ಜಿ ಕಾಲದಲ್ಲಿ ರಾಗಿ ಹೊಲದ ಕಳೆ ತೆಗೆಯೋಕೆ ಕುಂಟೆ ಹೊಡೀತಿದ್ರು, ಕೈಯಲ್ಲಿ ಕೀಳ್ತಿದ್ರು, ಆ ಕಳೇನೇ ಬೆರಕೆ ಸೊಪ್ಪಾಗ್ತಿತ್ತು. ಈಗ ಕಳೆನಾಶಕ ಹೊಡೀತಾರೆ, ಹೊಡೆದ ದಿನವೇ ಗಿಡ ಒಣಗಲ್ಲ, ಕೆಲವು ಔಷಧಿಗೆ ವಾರ ಬೇಕು, ಅಲ್ಲೀವರ್ಗೂ ಹಸಿರಾಗೇ ಇರುತ್ತೆ. ಅದಕ್ಕೇ ಹೊಲದವ್ರನ್ನ ಕೇಳಿನೇ ಇಳೀಬೇಕು, ಈ ಸಲ ಏನ್ ಹೊಡೆದ್ರಿ, ಯಾವಾಗ ಹೊಡೆದ್ರಿ ಅಂತ. ಕೇಳದೆ ಬೇರೆಯವ್ರ ಹೊಲಕ್ಕೆ ಇಳಿಯೋದು ಹೇಗೂ ಸರಿಯಲ್ಲ.

ಇನ್ನು ಆಪ್. ಅದು ಒಂದು ಎಲೆ ಫೋಟೋ ನೋಡಿ ಹೆಸ್ರು ಹೇಳುತ್ತೆ, ನಿಮ್ಮಜ್ಜಿ ಮುರಿದು, ಉಜ್ಜಿ, ಮೂಸಿ ನೋಡಿ ಹೇಳ್ತಿದ್ರು. ಗೋಣಿ ಸೊಪ್ಪು ತಗೊಳ್ಳಿ, ನೆಲಕ್ಕೆ ಹಬ್ಬಿರುತ್ತೆ, ಎಲೆ ದಪ್ಪ, ಮುರಿದ್ರೆ ನೀರು ಬರುತ್ತೆ. ಅದ್ರ ಪಕ್ಕದಲ್ಲೇ ಅದೇ ಥರ ಹಬ್ಬೋ ಇನ್ನೊಂದು ಸಣ್ಣ ಗಿಡ ಮುರಿದ್ರೆ ಬಿಳಿ ಹಾಲು ಬರುತ್ತೆ, ಅದನ್ನ ತಿನ್ನಬಾರ್ದು. ಈ ವ್ಯತ್ಯಾಸ ಫೋಟೋದಲ್ಲಿ ಎಲ್ಲಿ ಕಾಣುತ್ತೆ ಹೇಳಿ? ಕಾಂಗ್ರೆಸ್ ಗಿಡ ಎಳೇದಿದ್ದಾಗ ಕ್ಯಾರೆಟ್ ಸೊಪ್ಪಿನ ಥರ ನೆಲಕ್ಕೆ ಅಂಟ್ಕೊಂಡಿರುತ್ತೆ, ಗಡಿಬಿಡೀಲಿ ಮಡ್ಲಿಗೆ ಬಂದುಬಿಡುತ್ತೆ. ನಂಗೆ ಎಲ್ಲಕ್ಕಿಂತ ಭಯ ಗಣಿಕೆ ಸೊಪ್ಪಿನ ವಿಷ್ಯದಲ್ಲಿ, ಯಾಕಂದ್ರೆ ಎಳೇ ದತ್ತೂರಿ ಗಿಡ ಅದ್ರ ಜೊತೇಲೇ ಎದ್ದಿರುತ್ತೆ. ಗಣಿಕೆಗೆ ನಕ್ಷತ್ರದಂಥ ಪುಟ್ಟ ಬಿಳಿ ಹೂ, ಗೊಂಚಲಲ್ಲಿ ಕಪ್ಪು ಹಣ್ಣು, ದತ್ತೂರಿಗೆ ದೊಡ್ಡ ಕಹಳೆ ಹೂ, ಮುಳ್ಳುಕಾಯಿ. ಹೂ ಕಾಯಿ ಇಲ್ದೆ ಬರೀ ಎಲೆ ಇದ್ರೆ ನಾನಂತೂ ಮುಟ್ಟಲ್ಲ. ದತ್ತೂರಿ ಬೇಯ್ಸಿದ್ರೂ ವಿಷಾನೇ, ಬಾಯಿ ಒಣಗೋದು, ಕಣ್ಣಿನ ಪಾಪೆ ಹಿಗ್ಗೋದು, ಏನೇನೋ ಬಡಬಡಿಸೋದು ಶುರುವಾಗುತ್ತೆ, ಅಂಥ ಹೊತ್ತಲ್ಲಿ ಉಪ್ಪುನೀರು ಕುಡಿಸಿ ವಾಂತಿ ಮಾಡ್ಸೋಕೆ ಹೋಗದೆ 108ಕ್ಕೆ ಫೋನ್ ಮಾಡಿ, ತಿಂದ ಸೊಪ್ಪಲ್ಲಿ ಉಳಿದಿದ್ದನ್ನ ಆಸ್ಪತ್ರೆಗೆ ತಗೊಂಡ್ಹೋಗಿ.

ಹಾಗಾದ್ರೆ ಕಲಿಯೋದು ಹೇಗೆ? ಈ ಮಳೆಗಾಲಕ್ಕೆ ಊರಿಗೆ ಹೋಗಿ. ಅಜ್ಜಿ ಜೊತೆ ಸೊಪ್ಪಿಗೆ ಹೋಗ್ತಿದ್ದೋರು ಇನ್ನೂ ಇಬ್ರು ಮೂವರು ಇದ್ದೇ ಇರ್ತಾರೆ, ಅವ್ರ ಹಿಂದೆ ಅರ್ಧ ದಿನ ಹೊಲ ಸುತ್ತಿ. ಒಂದು ವರ್ಷಕ್ಕೆ ಎರಡೇ ಸೊಪ್ಪು ಸಾಕು, ಅಣ್ಣೆ ಸೊಪ್ಪು ಮತ್ತೆ ಹೊನಗೊನೆ ಅಂತಿಟ್ಕೊಳ್ಳಿ, ಎಳೇದಿದ್ದಾಗ ಹೇಗೆ, ಹೂ ಬಿಟ್ಟಾಗ ಹೇಗೆ, ಬೀಜ ಕಟ್ಟಿದಾಗ ಹೇಗೆ ಅಂತ ಮೂರು ಸಲ ನೋಡಿ, ಮಗಳ ಕೈಲಿ ನೋಟ್‌ಬುಕ್ಕಲ್ಲಿ ಎಲೆ ಒಣಗ್ಸಿ ಅಂಟ್ಸಿ ಹೆಸ್ರು ಬರೆಸಿ. ಹೊಲದಲ್ಲಿ ಏನನ್ನೂ ಬಾಯಿಗೆ ಹಾಕ್ಬಾರ್ದು ಅನ್ನೋದನ್ನ ಅವಳಿಗೆ ಮೊದ್ಲ ದಿನವೇ ಹೇಳಿ. ಬೇರು ಸಮೇತ ಕೀಳ್ಬೇಡಿ, ಕುಡಿ ಚಿವುಟಿ, ಪಕ್ಕದಿಂದ ಕವಲೊಡೆದು ಮತ್ತೆ ಚಿಗುರುತ್ತೆ, ನಿಮ್ಮ ಹಿಂದೆ ಬರೋರಿಗೂ ಸಿಗುತ್ತೆ, ಕೆಲವು ಗಿಡ ಬೀಜಕ್ಕೂ ಬಿಡ್ಬೇಕು.

ಇನ್ನೊಂದು ಮಾತು, ಮನೇಲಿ ಕಿಡ್ನಿ ಸ್ಟೋನ್ ಇರೋರಿದ್ರೆ ಗೋಣಿ, ಕೀರೆ ಸೊಪ್ಪು ಕಮ್ಮಿ ಮಾಡಿ. ಇವುಗಳಲ್ಲಿ ಕಲ್ಲು ಕಟ್ಟೋಕೆ ಕಾರಣ ಆಗೋ ಆಕ್ಸಲೇಟ್ ಅನ್ನೋ ಅಂಶ ಜಾಸ್ತಿ, ಬೇಯ್ಸಿದ್ರೆ ಅದು ನೀರಿಗೆ ಇಳಿಯುತ್ತೆ ನಿಜ, ಆದ್ರೆ ಬಸ್ಸಾರಲ್ಲಿ ನಾವು ಬಸಿದ ಆ ಕಟ್ಟನ್ನೇ ಸಾರು ಮಾಡ್ತೀವಲ್ವಾ.

ಪ್ರಶ್ನೆ: ನಮ್ಮತ್ತೆ ಅಣಬೆ ಬೇಯ್ಸುವಾಗ ಬೆಳ್ಳಿ ಉಂಗುರ ಹಾಕ್ತಾರೆ, ಕಪ್ಪಾಗ್ಲಿಲ್ಲ ಅಂದ್ರೆ ವಿಷ ಇಲ್ವಂತೆ. ನಿಜಾನಾ? (ತೀರ್ಥಹಳ್ಳಿ)

ಉತ್ತರ: ನಿಜ ಅಲ್ಲ ತಂಗಿ, ಅತ್ತೆಗೆ ನೋವಾಗ್ದಂಗೆ ಹೇಳಿ ಇದನ್ನ ನಿಲ್ಸಿ. ಜೀವ ತೆಗೆಯೋ ಅಣಬೆ ವಿಷ ಬೆಳ್ಳೀನ ಕಪ್ಪು ಮಾಡಲ್ಲ, ಹುಳ ತಿಂದಿದೆ ಅನ್ನೋದೂ ಲೆಕ್ಕಕ್ಕಿಲ್ಲ, ಬೇಯ್ಸಿದ್ರೂ ಹೋಗಲ್ಲ. ತಿಂದು 6 ರಿಂದ 12 ಗಂಟೆ ಏನೂ ಆಗಲ್ಲ, ಆಮೇಲೆ ವಾಂತಿ ಭೇದಿ, ಮಾರನೇ ದಿನ ಸುಧಾರಿಸ್ದಂಗೆ ಕಾಣುತ್ತೆ, ಅಷ್ಟೊತ್ತಿಗೆ ಲಿವರ್ ಹಾಳಾಗ್ತಿರುತ್ತೆ. ವಾಸಿ ಆಯ್ತು ಅಂತ ಮನೇಲಿ ಕೂರ್ಬೇಡಿ. ವರ್ಷಾನುಗಟ್ಲೆ ಅದೇ ಹುತ್ತದಲ್ಲಿ ಏಳೋ, ಮನೆಯ ಹಿರಿಯರಿಗೆ ಗುರುತಿರೋ ಹುತ್ತದ ಅಣಬೆ ಆದ್ರೆ ತಿನ್ನಿ, ಅನುಮಾನ ಇರೋ ಒಂದೇ ಒಂದು ಅಣಬೆ ಬುಟ್ಟೀಲಿದ್ರೂ ಪೂರ್ತಿ ಬುಟ್ಟಿ ಚೆಲ್ಲಿ. ಹುಲ್ಲುಹಾಸಲ್ಲಿ ಏಳೋ ದೊಡ್ಡ ಬಿಳಿ ಅಣಬೆ, ಬಲಿತಾಗ ಕೊಡೆ ಕೆಳಗಿನ ಪದರ ಹಸಿರಿಗೆ ತಿರುಗೋದು, ಹೊಟ್ಟೆ ಕೆಡಿಸುತ್ತೆ. ಮತ್ತೆ ಹುತ್ತ ಅಗೀಬೇಡಿ, ಆ ಅಣಬೇನ ಒಳಗೆ ಬೆಳೆಸೋದೇ ಗೆದ್ದಲು, ಗೂಡು ಹೋದ್ರೆ ಮುಂದಿನ ವರ್ಷ ಅಲ್ಲಿ ಅಣಬೆ ಇಲ್ಲ.

ಪ್ರಶ್ನೆ: ಕಾಡಿಂದ ಕಳಲೆ (ಎಳೇ ಬಿದಿರಿನ ಮೊಳಕೆ) ತರಬಹುದಾ? (ಯಲ್ಲಾಪುರ)

ಉತ್ತರ: ಅಭಯಾರಣ್ಯ, ನ್ಯಾಷನಲ್ ಪಾರ್ಕ್ ಒಳಗಿಂದ ಏನನ್ನೂ ತರೋಹಾಗಿಲ್ಲ, 1972ರ ವನ್ಯಜೀವಿ ಕಾಯ್ದೆ ಇದೆ. 2006ರ ಅರಣ್ಯ ಹಕ್ಕು ಕಾಯ್ದೆ ಕಾಡನ್ನೇ ನಂಬಿದ ಬುಡಕಟ್ಟಿನವ್ರಿಗೆ, ಪಾರಂಪರಿಕ ಅರಣ್ಯವಾಸಿಗಳಿಗೆ ಬಿದಿರು, ಜೇನಿನಂಥ ಕಿರು ಅರಣ್ಯ ಉತ್ಪನ್ನದ ಹಕ್ಕು ಕೊಟ್ಟಿದೆ, ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ 2011ರಲ್ಲಿ ಸಮುದಾಯದ ಹಕ್ಕು ಸಿಕ್ತು. ಕಾರಲ್ಲಿ ಬಂದು ಚೀಲ ತುಂಬ್ಕೊಂಡು ಹೋಗೋರಿಗೆ ಆ ಹಕ್ಕಿಲ್ಲ. ಕಳಲೆ ಅಂದ್ರೆ ಮುಂದಿನ ವರ್ಷದ ಬಿದಿರು, ಎಲ್ಲ ಕಡಿದ್ರೆ ಮೆಳೆ ಸೊರಗುತ್ತೆ. ಮನೆ ಹಿತ್ತಲ ಬಿದಿರಿನದೇ ತಗೊಳ್ಳಿ, ತೆಳ್ಳಗೆ ಹೆಚ್ಚಿ ಮೂರು ದಿನ ನೆನೆಹಾಕಿ, ದಿನಾ ನೀರು ಬದಲಾಯ್ಸಿ, ಆಮೇಲೆ ಬೇಯ್ಸಿ ಆ ನೀರನ್ನೂ ಬಸೀರಿ. ಹಸಿ ಕಳಲೇಲಿ ಸಯನೈಡ್ ಬಿಡೋ ಅಂಶ ಇರುತ್ತೆ, ಹಾಗಾಗಿ ನೆನೆಸಿದ ನೀರನ್ನ ದನ ಬಾಯಿ ಹಾಕೋ ಕಡೆ ಚೆಲ್ಬೇಡಿ.