ಗುಳಿಗೆ ನುಂಗುವ ಮುನ್ನ ಅಜ್ಜಿ ಹೇಳುವ ಮಾತು

ಉಡುಪಿ ಜಿಲ್ಲೆಯ ಓದುಗರೊಬ್ಬರು ಇಸ್ರೇಲಿನಲ್ಲಿ ಯಹೂದಿ ವೃದ್ಧೆಯೊಬ್ಬರ ಆರೈಕೆ ಮಾಡುತ್ತಿದ್ದಾರೆ. ಅವರು ಬರೆದ ಪತ್ರದ ಸಾರ ಹೀಗಿದೆ: "ಅಜ್ಜಿ ಬಹಳ ದೈವಭಕ್ತೆ. ಆದರೂ ಬೆಳಿಗ್ಗೆ ಐದು, ರಾತ್ರಿ ಮೂರು ಗುಳಿಗೆ ತಪ್ಪಿಸುವುದಿಲ್ಲ. ನುಂಗುವ ಮುನ್ನ ಏನೋ ಗುನುಗುತ್ತಾರೆ. ಕಳೆದ ಯೋಮ್ ಕಿಪ್ಪುರ್ ಉಪವಾಸದ ದಿನ ಗಡಿಯಾರ ನೋಡಿಕೊಂಡು ಪುಟ್ಟ ಲೋಟದಲ್ಲಿ ಗುಟುಕು ಗುಟುಕಾಗಿ ನೀರು ಕುಡಿದರು. ಅವರ ಧರ್ಮಗುರು ರಬ್ಬಿಯೇ ಹಾಗೆ ಹೇಳಿದ್ದರಂತೆ. ಊರಿನಲ್ಲಿ ನನ್ನ ತಾಯಿ ಎರಡು ತಿಂಗಳಿಂದ ಸಕ್ಕರೆ ಕಾಯಿಲೆಯ ಮಾತ್ರೆ ಬಿಟ್ಟಿದ್ದಾರೆ. ದೇವರನ್ನು ನಂಬಿದ ಮೇಲೆ ಮಾತ್ರೆ ಏಕೆ ಎನ್ನುತ್ತಾರೆ. ಯಾರ ನಂಬಿಕೆ ದೊಡ್ಡದು?"

ಪ್ರಿಯ ಸಹೋದರಿ,

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಪ್ರಶ್ನೆ ಅಜ್ಜಿಯ ಬಗ್ಗೆ ಇದ್ದರೂ ಕಳವಳವೆಲ್ಲ ತಾಯಿಯ ಬಗ್ಗೆ ಎಂಬುದು ತಿಳಿಯಿತು. ಆದರೂ ಅಜ್ಜಿಯಿಂದಲೇ ಆರಂಭಿಸುತ್ತೇನೆ. ತಾಯಿಗೆ ಹೇಳಬೇಕಾದ ಮಾತು ಅಲ್ಲಿಯೇ ಸಿಗುತ್ತದೆ.

ಅಜ್ಜಿ ಗುನುಗುವುದು ಬಹುಶಃ ಒಂದು ಹಳೆಯ ಪ್ರಾರ್ಥನೆ. "ದೇವರೇ, ಈ ಔಷಧ ನನಗೆ ಗುಣ ಕೊಡಲಿ, ಪ್ರತಿಫಲ ಬಯಸದೆ ವಾಸಿಮಾಡುವವನು ನೀನೇ" ಎಂಬುದು ಅದರ ಅರ್ಥ. ಅದರ ಮೂಲ ಯಹೂದಿ ಪಂಡಿತರ ಚರ್ಚೆಗಳ ಪ್ರಾಚೀನ ಸಂಗ್ರಹವಾದ ತಾಲ್ಮುದ್‌ನಲ್ಲಿದೆ. ಚಿಕಿತ್ಸೆಗಾಗಿ ರಕ್ತ ತೆಗೆಸಿಕೊಳ್ಳಲು ಹೋಗುವವನು ಹೇಳಬೇಕಾದ ಪ್ರಾರ್ಥನೆಯಾಗಿ ಅಲ್ಲಿ ಬರುತ್ತದೆ. ಅಲ್ಲಿನ ರೂಪದಲ್ಲಿ ಕೊನೆಗೆ ಇನ್ನೊಂದು ಮಾತೂ ಇದೆ: "ಚಿಕಿತ್ಸೆ ಮಾಡುವುದು ಮನುಷ್ಯರ ಕೆಲಸವಲ್ಲ, ಅದೊಂದು ರೂಢಿಯಾಗಿದೆ ಅಷ್ಟೆ." ಕೂಡಲೇ ಅಬಾಯೆ ಎಂಬ ವಿದ್ವಾಂಸರು ತಡೆಯುತ್ತಾರೆ. ಹಾಗೆ ಹೇಳಬಾರದು, ವೈದ್ಯನಿಗೆ ಗುಣಪಡಿಸುವ ಅನುಮತಿಯನ್ನು ಧರ್ಮಗ್ರಂಥವೇ ಕೊಟ್ಟಿದೆ ಎನ್ನುತ್ತಾರೆ. ನಿಮ್ಮ ತಾಯಿಗೂ ನಿಮಗೂ ಈಗ ನಡೆಯುತ್ತಿರುವ ವಾದವೇ ಇದು ಎಂದು ನನಗೆ ಅನ್ನಿಸಿತು.

ಆ ಅನುಮತಿ ಸಿಕ್ಕ ಜಾಗವನ್ನು ನೋಡಿ. ಯಹೂದಿಯರ ಮೂಲ ಧರ್ಮಗ್ರಂಥ ತೋರಾದ ಭಾಗವಾದ ವಿಮೋಚನಕಾಂಡದ ಇಪ್ಪತ್ತೊಂದನೆಯ ಅಧ್ಯಾಯದಲ್ಲಿ ಒಂದು ಜಗಳದ ಪ್ರಸಂಗವಿದೆ. ಇಬ್ಬರು ಬಡಿದಾಡುತ್ತಾರೆ, ಕಲ್ಲಿನಿಂದಲೋ ಮುಷ್ಟಿಯಿಂದಲೋ ಏಟು ತಿಂದವನು ಹಾಸಿಗೆ ಹಿಡಿಯುತ್ತಾನೆ. ಹೊಡೆದವನು ಅವನ ಕೆಲಸದ ನಷ್ಟ ತುಂಬಿಕೊಡಬೇಕು, ಗುಣವಾಗುವಂತೆ ಚಿಕಿತ್ಸೆಯನ್ನೂ ಮಾಡಿಸಬೇಕು. "ವೆರಪೋ ಯೆರಪೇ", ಅಂದರೆ "ಅವನನ್ನು ಪೂರ್ಣವಾಗಿ ವಾಸಿಮಾಡಿಸಲಿ" ಎಂಬ ಈ ಎರಡು ಹೀಬ್ರೂ ಪದಗಳಿಂದ ರಬ್ಬಿ ಇಷ್ಮಾಯೇಲರ ಶಿಷ್ಯಪರಂಪರೆ ವೈದ್ಯವೃತ್ತಿಗೇ ಒಪ್ಪಿಗೆ ಕಂಡುಕೊಂಡಿತು. "ನಿನ್ನನ್ನು ಗುಣಪಡಿಸುವ ದೇವರು ನಾನೇ" ಎಂಬ ವಚನವೂ ಅದೇ ಗ್ರಂಥದಲ್ಲಿದೆ. ಎರಡನ್ನೂ ಒಟ್ಟಿಗೆ ಹಿಡಿದುಕೊಂಡು ಬಾಳುವುದನ್ನು ಆ ಜನ ಶತಮಾನಗಳಿಂದ ಕಲಿತಿದ್ದಾರೆ.

ಆದರೆ ತಾಯಿಯವರ ಮಾತಿಗೂ ಆ ಪರಂಪರೆಯಲ್ಲಿ ಗಟ್ಟಿ ಆಸರೆ ಇದೆ. ಅದನ್ನು ನಿಮ್ಮಿಂದ ಮುಚ್ಚಿಡಲಾರೆ. ಹದಿಮೂರನೆಯ ಶತಮಾನದಲ್ಲಿ ಸ್ಪೇನಿನ ಜೆರೋನಾದಲ್ಲಿದ್ದ ನಹ್ಮಾನಿಡೆಸ್ ಬಹು ದೊಡ್ಡ ಪಂಡಿತರು. ತೋರಾದ ಇನ್ನೊಂದು ಭಾಗವಾದ ಯಾಜಕಕಾಂಡಕ್ಕೆ ಬರೆದ ವ್ಯಾಖ್ಯಾನದಲ್ಲಿ ಅವರು, ದೇವರ ಚಿತ್ತದಂತೆ ನಡೆಯುವವರ ಮನೆಯಲ್ಲಿ ವೈದ್ಯನಿಗೇನು ಕೆಲಸ ಎಂದು ಕೇಳುತ್ತಾರೆ. ಪ್ರವಾದಿಗಳ ಕಾಲದಲ್ಲಿ ಸಜ್ಜನರು ಕಾಯಿಲೆ ಬಿದ್ದರೆ ವೈದ್ಯರನ್ನಲ್ಲ, ಪ್ರವಾದಿಯನ್ನು ಅರಸಿ ಹೋಗುತ್ತಿದ್ದರು ಎನ್ನುತ್ತಾರೆ. ಇದನ್ನು ಓದಿದಾಗ ನನಗೂ ಎದೆ ಒಮ್ಮೆ ಅಳುಕಿತು. ಆದರೆ ಅಲ್ಲಿಯೇ ಮುಂದೆ ಅವರು, ಜನ ಔಷಧಕ್ಕೆ ಒಗ್ಗಿಹೋದ ಮೇಲೆ ತೋರಾ ತನ್ನ ಕಟ್ಟಳೆಗಳನ್ನು ಪವಾಡಗಳ ಮೇಲೆ ನಿಲ್ಲಿಸುವುದಿಲ್ಲ ಎಂದು ಬರೆದಿದ್ದಾರೆ. ಇಷ್ಟಕ್ಕೂ ನಹ್ಮಾನಿಡೆಸ್ ಸ್ವತಃ ವೈದ್ಯರು. ರೋಗಿಗಳ ನಾಡಿ ಹಿಡಿದ ಕೈಯೇ ಆ ಸಾಲುಗಳನ್ನೂ ಬರೆದದ್ದು.

ಅವರಿಗಿಂತ ಮೊದಲಿನ ಯಹೂದಿ ಪಂಡಿತ ಮೈಮೊನಿಡೆಸ್ ಈಜಿಪ್ಟಿನಲ್ಲಿ ಆಸ್ಥಾನ ವೈದ್ಯರಾಗಿದ್ದರು. ತಮ್ಮ ದಿನಚರಿಯನ್ನು ಒಂದು ಪತ್ರದಲ್ಲಿ ಬರೆದಿದ್ದಾರೆ: ಬೆಳಿಗ್ಗೆ ಅರಮನೆಗೆ ಹೋಗಿ ಹಸಿದು ಮನೆಗೆ ಮರಳಿದರೆ ಅಂಗಳದ ತುಂಬ ರೋಗಿಗಳು ಕಾದಿರುತ್ತಾರೆ, ರಾತ್ರಿ ದಣಿದು ಮಲಗಿದಲ್ಲಿಂದಲೇ ಅವರೊಡನೆ ಮಾತನಾಡುತ್ತೇನೆ ಎಂದು. ಬೈಬಲಿನ ಕಾಲದ ಹಿಜ್ಕೀಯ ರಾಜನು ಮದ್ದುಗಳ ಪುಸ್ತಕವೊಂದನ್ನು ಬಚ್ಚಿಟ್ಟನೆಂದು ಹಳೆಯ ಕಥೆಯಿದೆ. ಮದ್ದು ಸಿಕ್ಕಿದರೆ ಜನ ದೇವರನ್ನು ಮರೆಯುತ್ತಾರೆಂದು ಅವನು ಹಾಗೆ ಮಾಡಿದ ಎಂಬ ವಿವರಣೆ ಕೇಳಿ ಮೈಮೊನಿಡೆಸ್ ರೇಗಿಬಿಟ್ಟರು. ಹಸಿದವನು ರೊಟ್ಟಿ ತಿಂದರೆ ಅವನಿಗೆ ದೇವರಲ್ಲಿ ನಂಬಿಕೆ ಇಲ್ಲ ಎನ್ನುತ್ತೀರೇನು? ಹಸಿವು ನೀಗಿಸುವ ವಸ್ತು ಕೊಟ್ಟದ್ದಕ್ಕೆ ಉಣ್ಣುವಾಗ ದೇವರಿಗೆ ಕೃತಜ್ಞತೆ ಹೇಳುವ ಹಾಗೆಯೇ ರೋಗ ನೀಗಿಸುವ ವಸ್ತು ಕೊಟ್ಟದ್ದಕ್ಕೂ ಹೇಳಬೇಕು ಎಂಬುದು ಅವರ ವಾದ.

ಇದಕ್ಕಿಂತ ಸರಳವಾಗಿ ತಾಯಿಗೆ ವಿವರಿಸಲು ನನ್ನಿಂದ ಆಗದು. ಊಟ ಬಿಟ್ಟು ದೇವರನ್ನು ಪರೀಕ್ಷಿಸಬೇಕೆಂದು ಅವರಿಗೆ ಎಂದಾದರೂ ಅನ್ನಿಸಿದೆಯೇ ಎಂದು ಮೆಲ್ಲನೆ ಕೇಳಿ.

ಮುಂದೆ ಯಹೂದಿ ಕಟ್ಟಳೆಯೂ ಇದೇ ದಾರಿ ಹಿಡಿಯಿತು. ಹದಿನಾರನೆಯ ಶತಮಾನದ ಶುಲ್ಹಾನ್ ಆರುಖ್ ಎಂಬ ಸಂಹಿತೆ ಚಿಕಿತ್ಸೆ ಮಾಡುವುದನ್ನು ಧರ್ಮಕರ್ತವ್ಯ ಎಂದಿತು. ತಿಳಿದೂ ಹಿಂದೆ ಸರಿಯುವ ವೈದ್ಯ ರಕ್ತ ಸುರಿಸಿದಂತೆ ಎಂದಿತು. ರೋಗಿಯ ಪಾಲಿನ ಕರ್ತವ್ಯವನ್ನು ಹದಿನೆಂಟನೆಯ ಶತಮಾನದಲ್ಲಿ ಜೆರುಸಲೇಮಿನಲ್ಲಿ ಹುಟ್ಟಿದ ರಬ್ಬಿ ಅಜುಲಾಯ್ ಸ್ಪಷ್ಟಪಡಿಸಿದರು. ಈ ಕಾಲದಲ್ಲಿ ವೈದ್ಯರನ್ನು ಕರೆಯದಿರುವುದು ಹೆಚ್ಚುಕಡಿಮೆ ನಿಷಿದ್ಧವೇ ಎಂದು ಹೇಳಿ ಎರಡು ಕಾರಣ ಕೊಟ್ಟರು: ಅಪಾಯವಿರುವಲ್ಲಿ ಪವಾಡ ನೆಚ್ಚಿ ಕೂರಬಾರದು, ಪವಾಡಕ್ಕೆ ತಾನು ಯೋಗ್ಯನೆಂದು ಭಾವಿಸುವುದು ಅಹಂಕಾರ. ಎರಡನೆಯದನ್ನು ತಾಯಿಗೆ ಹೇಳಬೇಡಿ, ನೋವಾದೀತು. ನೀವು ತಿಳಿದಿದ್ದರೆ ಸಾಕು.

1831ರಲ್ಲಿ ಈಗಿನ ಪೋಲೆಂಡಿನ ಪೋಜ್ನಾನ್‌ಗೆ ಕಾಲರಾ ಬಂದಾಗ ಅಲ್ಲಿನ ರಬ್ಬಿ ಅಕಿವಾ ಏಗರ್ ಪ್ರಾರ್ಥನೆಗೆ ಒಮ್ಮೆಗೆ ಹದಿನೈದು ಮಂದಿಗಿಂತ ಹೆಚ್ಚು ಸೇರಬಾರದೆಂದು ಕಟ್ಟುನಿಟ್ಟು ಮಾಡಿದರು, ವೈದ್ಯರ ಮಾತು ಮೀರಬಾರದೆಂದರು. ಜೊತೆಗೆ ಪ್ರಾರ್ಥನೆಯನ್ನೂ ಮಾಡಿಸಿದರು.

ಇನ್ನು ಅಜ್ಜಿಯ ಆ ಪುಟ್ಟ ಲೋಟ. ಯೋಮ್ ಕಿಪ್ಪುರ್ ದಿನ ನೀರೂ ಮುಟ್ಟಬಾರದು. ಆದರೆ ಜೀವಕ್ಕೆ ಅಪಾಯವಿದ್ದರೆ ಕುಡಿಯಲೇಬೇಕು. "ಆಜ್ಞೆಗಳಿಂದ ಬದುಕಬೇಕು, ಅವುಗಳಿಂದ ಸಾಯಬಾರದು" ಎಂದು ತಾಲ್ಮುದ್ ಹೇಳುತ್ತದೆ. ಅಪಾಯ ತುರ್ತಿನದಲ್ಲದಿದ್ದರೆ ಒಂದು ಕೆನ್ನೆಯ ಒಳಗೆ ತುಂಬುವುದಕ್ಕಿಂತ ಕಡಿಮೆ ನೀರು, ಕೆಲವು ನಿಮಿಷ ಬಿಟ್ಟು ಮತ್ತೆ ಅಷ್ಟೇ. ಒಂಬತ್ತು ನಿಮಿಷ ಎಂದು ಹೇಳುವ ರಬ್ಬಿಗಳು ಹಲವರು. ಅಜ್ಜಿ ಗಡಿಯಾರ ನೋಡುತ್ತಿದ್ದದ್ದು ಅದಕ್ಕೇ. ಆ ಗುಟುಕಿನಿಂದ ಅವರ ಉಪವಾಸ ಕೆಟ್ಟಿತೆಂದು ನೀವು ಭಾವಿಸಿರಬಹುದು. ಆ ದಿನ ಆ ನೀರು ಕುಡಿಯುವುದೇ ಅವರು ಪಾಲಿಸಿದ ಆಜ್ಞೆಯಾಗಿತ್ತು. ವೈದ್ಯರು ಅಗತ್ಯವಿಲ್ಲ ಎಂದರೂ ರೋಗಿ ತನಗೆ ಆಹಾರ, ನೀರು ಬೇಕೆಂದರೆ ಕೊಡಬೇಕು ಎಂಬ ನಿಯಮವೂ ಇದೆ. ತನ್ನ ಸಂಕಟ ತನ್ನ ಹೃದಯಕ್ಕೇ ಗೊತ್ತು ಎಂದು ಅದಕ್ಕೆ ಕಾರಣ ಕೊಟ್ಟಿದ್ದಾರೆ.

ಯಾರ ನಂಬಿಕೆ ದೊಡ್ಡದು ಎಂದು ತೂಗುವ ತಕ್ಕಡಿ ನನ್ನ ಬಳಿ ಇಲ್ಲ. ನನ್ನ ತಂದೆಯವರು ಹೃದಯದ ಮಾತ್ರೆಗಳನ್ನು ದೇವರ ಪಟದ ಮುಂದಿನ ಹಿತ್ತಾಳೆ ತಟ್ಟೆಯಲ್ಲಿ ಇಡುತ್ತಿದ್ದರು. ದೀಪ ಹಚ್ಚಿ, ಕೈಮುಗಿದು, ಪ್ರಸಾದ ತೆಗೆದುಕೊಂಡಂತೆ ಅದನ್ನು ಎತ್ತಿಕೊಳ್ಳುತ್ತಿದ್ದರು. ನಿಮ್ಮ ತಾಯಿಯವರಿಗೂ ಹಾಗೊಂದು ಜಾಗ ಮಾಡಿಕೊಡಲು ಮನೆಯವರಿಗೆ ಹೇಳಿ. ಆದರೆ ಅದಕ್ಕೂ ಮೊದಲು, ಈ ವಾರವೇ ಅವರ ರಕ್ತದ ಸಕ್ಕರೆ ಪರೀಕ್ಷೆಯಾಗಲಿ. ಎರಡು ತಿಂಗಳು ಬಿಟ್ಟ ಮಾತ್ರೆಯನ್ನು ತಾವಾಗಿಯೇ ಹಳೆಯ ಪ್ರಮಾಣದಲ್ಲಿ ಮತ್ತೆ ಆರಂಭಿಸದೆ ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಲಿ. ಇಂದು ರಾತ್ರಿ ಫೋನ್ ಮಾಡಿದಾಗ ಅಜ್ಜಿಯ ಪ್ರಾರ್ಥನೆಯನ್ನು ಅವರಿಗೆ ಕನ್ನಡದಲ್ಲಿ ಹೇಳಿ ಕೇಳಿಸಿ. ಅವರು ಏನೆಂದರು ಎಂದು ಬರೆಯಿರಿ, ಕಾಯುತ್ತಿರುತ್ತೇನೆ.

— ಸಂಪಾದಕ